ಡಾಯ್ಲ್ ತಾತನ ಕೋವಿಗೊಂದು ಕೆಂಪು ಚುಕ್ಕೆ

ಹಿಕೊರಿ ಗ್ಯಾಪ್, ಮಿಸೌರಿ
ಏಪ್ರಿಲ್ 4, ಗುರುವಾರ ಬೆಳಿಗ್ಗೆ

ಮುದ್ದು ರೇಲಿನ್‌ಗೆ,

ಹೇಗಿದ್ದೀಯ ಪುಟ್ಟಿ? ಮೊದಲು ಕಾಲಿನ ವಿಷಯ ಹೇಳು. ಹೋದ ಕಾಗದದಲ್ಲಿ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿದೆ ಎಂದು ಒಂದೇ ಸಾಲು ಬರೆದು, ಮುಂದಿನ ಸಾಲಿನಲ್ಲೇ ಹಗ್ಗ ಹತ್ತಿದ ಕಥೆಗೆ ಹಾರಿಬಿಟ್ಟೆ. ಆ ಗುಳ್ಳೆ ಒಡೆಯಿತೋ, ಮಾಗಿತೋ, ಕೀವು ಕಟ್ಟಿತೋ, ನನಗೆ ಹೇಗೆ ಗೊತ್ತಾಗಬೇಕು? ಅಲ್ಲಿಯ ದಾದಿಗೆ ತೋರಿಸಲು ನಾಚಿಕೆಪಡಬೇಡ. ಊಟಕ್ಕೆ ಕೊಡುವ ಹೊತ್ತು ಸಾಲದು ಎಂದೂ ಬರೆದಿದ್ದೆ. ಅಗಿದು ನುಂಗು, ಕೂಗುವವರು ಕೂಗಿಕೊಳ್ಳಲಿ. ನಿಮ್ಮ ಸಾರ್ಜೆಂಟಮ್ಮ ಲಕೋಟೆಯ ಮೇಲೆ ಹೂವಿನ ಚಿತ್ರ ಕಂಡರೆ ಎಲ್ಲರೆದುರು ದಂಡ ಹೊಡೆಸುತ್ತಾಳೆ ಎಂದು ತಿಳಿದಾಗಿನಿಂದ ನನಗೆ ಸಮಾಧಾನವಿಲ್ಲ. ನೇರಳೆ ಹೂವಿನ ಲಕೋಟೆ ಕಳಿಸಿದವಳು ನಾನೇ ತಾನೆ. ಈ ಸಲ ಬೋಳು ಬಿಳಿ ಲಕೋಟೆ, ಸೆಂಟಿಲ್ಲ, ಸ್ಟಿಕರ್ ಇಲ್ಲ. ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದಿದ್ದೇನೆ. ಉಳಿದದ್ದನ್ನು ಕೆಳಗೆ ಓದು, ಆದರೆ ನಿಂತು ಓದಬೇಡ, ಕೂತು ಓದು.

ಗುಡ್ಡದ ಅಂಚಿನಲ್ಲಿ ರೆಡ್‌ಬಡ್ ಮರಗಳು ಹೂವಾಗಿವೆ. ಅಣಬೆ ಇನ್ನೂ ಎದ್ದಿಲ್ಲ. ಈಸ್ಟರ್‌ಗೆ ಬೇಯಿಸಿದ ಹಂದಿತೊಡೆ ಮುಗಿಯುತ್ತಲೇ ಇಲ್ಲ, ನಿನ್ನೆ ಬೀನ್ಸ್ ಜೊತೆ ತಿಂದೆವು, ಇವತ್ತು ನಾನು ಬೇಯಿಸುವ ಮೆತ್ತನೆ ಬಿಸ್ಕೆಟ್ ಬನ್ನಿನ ಜೊತೆ ತಿನ್ನಬೇಕು. ನೀನಿಲ್ಲದೆ ಈ ಮನೆಯಲ್ಲಿ ಯಾವ ಪಾತ್ರೆಯೂ ಖಾಲಿಯಾಗುವುದಿಲ್ಲ. ಕೊಳದ ಹಿಂದಿನ ಕಾಡಿನಲ್ಲಿ ಟರ್ಕಿ ಹುಂಜಗಳು ಬೆಳಕು ಹರಿಯುವ ಮೊದಲೇ ಗುಳುಗುಳು ಎಂದು ಶುರುಮಾಡುತ್ತವೆ. ನಿನ್ನ ತಾತ ಕಾಫಿ ಹಿಡಿದು ಜಗಲಿಯಲ್ಲಿ ಕೂತು ಕೇಳುತ್ತಾನೆ. "ಮುದುಕ ಹುಂಜ ಅದೇ ಸಿಕಮೋರ್ ಮರದ ಮೇಲವ್ನೆ ಕಣೇ. ಪಡ್ಡೆ ಹುಂಜ ಎರಡು ಕೆಳಗಡೆ. ಅದ್ರಲ್ಲಿ ಒಂದಕ್ಕೆ ಇನ್ನೂ ಗಂಟಲೇ ಒಡ್ದಿಲ್ಲ" ಎಂದು ನನಗೆ ವರದಿ ಒಪ್ಪಿಸುತ್ತಾನೆ. ಅವನ ಮೈಯಲ್ಲಿ ಪ್ರಾಯದ್ದು ಅಂತ ಏನಾದರೂ ಉಳಿದಿದ್ದರೆ ಆ ಎರಡು ಕಿವಿ ಮಾತ್ರ. ನಾನು ಇದನ್ನು ಬರೆಯುತ್ತಿರುವಾಗ ಹಿತ್ತಲ ಶೆಡ್ಡಿನಿಂದ ಗರಗಸದ ಸದ್ದು ಬರುತ್ತಿದೆ. ಜಾಲರಿ ಬಾಗಿಲಿಗೆ ಮತ್ತೊಂದು ಚೌಕಟ್ಟು ಮಾಡುತ್ತಿರಬೇಕು. ಸದ್ದು ನಿಂತಾಗಲೆಲ್ಲ ನನ್ನ ಪೆನ್ನೂ ನಿಲ್ಲುತ್ತದೆ, ಬೆರಳು ಹೋಯಿತೋ ಏನೋ ಎಂದು. ಹಾಂ, ಮರೆಯುವ ಮುಂಚೆ ಕೇಳಿಬಿಡುತ್ತೇನೆ. ನಿನ್ನ ಬೇಟೆ ಜಾಕೆಟ್ ಗೂಟದ ಮೇಲಿಲ್ಲ. ನೀನೇನೂ ಜೊತೆಗೆ ಒಯ್ದಿಲ್ಲ ತಾನೆ? ಮನೆಯೆಲ್ಲ ಹುಡುಕಿದೆ. ಈಚೆಗೆ ಈ ಮನೆಯಲ್ಲಿ ಏನು ಎಲ್ಲಿ ಹೋಗುತ್ತದೋ ದೇವರಿಗೇ ಗೊತ್ತು.

ಈಗ ನೀನು ಒಪ್ಪಿಸಿದ ಕೆಲಸದ ವಿಷಯ. ಸೈನ್ಯದ ತರಬೇತಿಗೆ ಹೊರಡುವ ದಿನ ಬಸ್ಸಿನ ಬಾಗಿಲಲ್ಲಿ ನನ್ನ ಕೋಟಿನ ಜೇಬಿಗೆ ದುಡ್ಡು ತುರುಕಿ, "ಅಜ್ಜೀ, ತಾತನ ಕೋವಿಗೆ ಒಂದು ಗುರಿಗಾಜು ತಗೊಂಡಿಡು. ದುಬಾರಿದು ಬೇಡ, ಕಿತ್ತೋಗಿರೋದೂ ಬೇಡ. ನಾನು ಬರೋಷ್ಟರಲ್ಲಿ ಕೂಡಿಸಿರ್ಬೇಕು" ಎಂದು ಹೇಳಿ ಹತ್ತಿ ಹೋದೆ. ಮೇವಿನ ಅಂಗಡಿಯಲ್ಲಿ ಮೂಟೆ ಹೊತ್ತು ಗಳಿಸಿದ ದುಡ್ಡು. ಅದನ್ನು ನಾನು ಹೇಗೆ ಹಾಳುಮಾಡಲಿ? ನಾನು ಜೀವಮಾನದಲ್ಲಿ ಕೋವಿ ಎತ್ತಿದ್ದು ಕೋಳಿಗೂಡಿಗೆ ನುಗ್ಗಿದ ಹಾವಿಗೆ ಮಾತ್ರ, ಅದೂ ಕಣ್ಣು ಮುಚ್ಚಿಕೊಂಡು. ನೀವಿಬ್ಬರೂ ಹೊಡೆದು ತಂದ ಹುಂಜವನ್ನು ಪುಕ್ಕ ಕಿತ್ತು, ಎದೆಮಾಂಸ ಸೀಳಿ, ಮಜ್ಜಿಗೆಯಲ್ಲಿ ನೆನೆಸಿ ಕರಿಯುವವಳು ನಾನು. ಅದನ್ನು ಬೀಳಿಸುವ ವಿದ್ಯೆಯಲ್ಲಿ ನನಗೆ ಸೊನ್ನೆ.

ಗುರಿಗಾಜು ಏಕೆ ಬೇಕು ಎಂದು ನೀನು ಹೇಳುವ ಅಗತ್ಯವಿರಲಿಲ್ಲ. ಹೋದ ವಸಂತದ ಆ ಶನಿವಾರ ನನಗೂ ನೆನಪಿದೆ. ಯಾವಾಗಲೂ ಮಾಡುವಂತೆ ತಾತ ದಿಣ್ಣೆಯ ಮೇಲಿನ ಬಿಳಿ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತ. ಅವನ ಮುಂದೆ, ಹುಂಜವನ್ನು ಮರುಳುಮಾಡುವ ನಿಮ್ಮ ಪ್ಲಾಸ್ಟಿಕ್ ಹೇಂಟೆಯನ್ನು ನೆಟ್ಟಿರಿ. ನೀನು ಕೆಳಗಿನ ಕಣಿವೆಗೆ ಇಳಿದು, ಸುತ್ತಿ ಆಚೆ ಬದಿಗೆ ಹೋಗಿ, ಎಲೆ ಬಣ್ಣದ ಬಟ್ಟೆಯಲ್ಲಿ ಅಡಗಿ ಕೂತು ಹೇಂಟೆಯ ಹಾಗೆ ಕೂಗಿದೆ. ಹುಂಜ ಬಂತು, ತಾತ ಗುಂಡು ಹಾರಿಸಿದ. ಹುಂಜ ಹಾರಿಹೋಯಿತು, ಪ್ಲಾಸ್ಟಿಕ್ ಹೇಂಟೆಯ ತಲೆ ಹಾರಿಹೋಯಿತು. ನೀನು ಹೊಟ್ಟೆ ಹಿಡಿದು ನಗುತ್ತ ದಿಣ್ಣೆ ಹತ್ತಿ ಬಂದೆಯಂತೆ. ಗುರಿ ತಪ್ಪಿದವನ ಅಂಗಿಯ ಬಾಲ ಕತ್ತರಿಸುವುದು ನಮ್ಮ ಕಡೆಯ ಕಟ್ಟಳೆಯಲ್ಲವೇ, ಹಾರ್ಲನ್ ತನ್ನ ಜೇಬಿನ ಚಾಕು ತೆಗೆದು ಪಕ್ಕದ ಮನೆಯವನೆಂಬ ದಾಕ್ಷಿಣ್ಯವನ್ನೂ ನೋಡದೆ ಕತ್ತರಿಸಿದ. ನಾನು ಅದರ ಹಿಂದಿನ ಕ್ರಿಸ್‌ಮಸ್‌ಗೆ ಹೊಲಿದ ಚೌಕಳಿ ಅಂಗಿ ಅದು. "ಡಾಯ್ಲ್ ಪ್ರೂಯಿಟ್, ಸ್ವಂತ ಹೇಂಟೆಯ ಕೊಲೆಗಾರ" ಎಂದು ಅದರ ಮೇಲೆ ಬರೆದು ಲಾನಿಯ ಅಂಗಡಿಯ ಗೋಡೆಗೆ ಮೊಳೆ ಹೊಡೆದರು. ಊರೆಲ್ಲ ನಕ್ಕಿತು, ನಾನೂ ನಕ್ಕೆ. ತಾತನೂ ನಕ್ಕ ಎಂದುಕೊಂಡಿದ್ದೆವು.

ಸರಿ, ಹೋದ ವಾರ ಲಾನಿ ಸ್ಟಬ್ಸ್‌ನ ಅಂಗಡಿಗೆ ಹೋದೆ. ಎರೆಹುಳು, ತೋಟೆ, ಹಾಲು ಮೂರನ್ನೂ ಒಂದೇ ಕಟ್ಟೆಯ ಮೇಲೆ ಮಾರುವವನು ಕೈತೊಳೆದು ಮಾತಾಡಲಿ ಎಂದು ಕಾದೆ. ಗೋಡೆಯ ಮೇಲೆ ನನ್ನ ಚೌಕಳಿ ಬಟ್ಟೆಯ ತುಂಡು ಇನ್ನೂ ಇತ್ತು. ಲಾನಿ ಮೂರು ಬಗೆ ತೋರಿಸಿದ. ಮೊದಲನೆಯದು ನಳಿಗೆಯ ಮೇಲೆ ಅಂಟಿಸುವ ಹೊಳೆಯುವ ಹಸಿರು ಮಣಿ, ಎಲ್ಲಕ್ಕಿಂತ ಅಗ್ಗ. ನಾನು ಪರ್ಸ್ ತೆಗೆದೇಬಿಟ್ಟಿದ್ದೆ. ಅವನು ತಲೆ ಅಲ್ಲಾಡಿಸಿದ. "ಇದು ಕಣ್ಣು ಚೆನ್ನಾಗಿರೋರಿಗೆ ವೆಲ್ಡಮ್ಮ. ಹಿಂದಿನ ಮಣಿ, ಮುಂದಿನ ಮಣಿ, ಹುಂಜನ ಕತ್ತು, ಮೂರನ್ನೂ ಒಂದೇ ಗೆರೆಗೆ ತರ್ಬೇಕು. ಅದು ಆಗಿದ್ರೆ ಪ್ಲಾಸ್ಟಿಕ್ ಹೇಂಟೆ ಯಾಕೆ ಸಾಯ್ತಿತ್ತು?" ಎಂದ. ಎರಡನೆಯದು ಕೊಳವೆಯಂಥ ದುರ್ಬೀನು. ಅದಕ್ಕೆ ಕೋವಿಯ ಮೈಗೆ ತೂತು ಕೊರೆಯಬೇಕು, ಜೊತೆಗೆ ಟರ್ಕಿ ತೋಟೆಯ ಒದೆತಕ್ಕೆ ಅದರ ಅಂಚು ಹಿಂದಕ್ಕೆ ಬಂದು ಹುಬ್ಬು ಸೀಳುತ್ತದಂತೆ. ಲಾನಿ ಸಾಕ್ಷಿಗೆ ತನ್ನ ಹುಬ್ಬಿನ ಗಾಯ ತೋರಿಸಿದ. ಅಷ್ಟು ಸಾಕಾಯಿತು ನನಗೆ.

ಮೂರನೆಯದು ಕೆಂಪು ಚುಕ್ಕೆಯದು. ಒಂದು ಸಣ್ಣ ಕಿಟಕಿಯಂಥ ಗಾಜು, ನೋಡಿದರೆ ಅದರ ನಡುವೆ ಒಂದು ಕೆಂಪು ಚುಕ್ಕೆ ಉರಿಯುತ್ತದೆ. ಎರಡೂ ಕಣ್ಣು ತೆರೆದುಕೊಂಡೇ ಇರಬಹುದು, ತಲೆ ಸ್ವಲ್ಪ ಅತ್ತಿತ್ತ ಆದರೂ ತೊಂದರೆಯಿಲ್ಲ, ಚುಕ್ಕೆ ಎಲ್ಲಿ ಕೂತಿದೆಯೋ ತೋಟೆಯೊಳಗಿನ ಚರೆಗಳು ಅಲ್ಲಿಗೇ ಹೋಗುತ್ತವೆ. ವಯಸ್ಸಾದವರಿಗೆ ಇದೇ ಸರಿ ಎಂದ. ಆದರೆ ಇದರಲ್ಲೂ ನೂರೆಂಟು. ತೀರಾ ಅಗ್ಗದ್ದಾದರೆ ಒದೆತಕ್ಕೆ ಒಳಗಿನದೆಲ್ಲ ಸಡಿಲವಾಗಿ "ನಾಲ್ಕು ತೋಟೆ ಹೊಡೆಯೋಷ್ಟ್ರಲ್ಲಿ ಚುಕ್ಕೆ ಊರು ಬಿಟ್ಟು ಹೋಗಿರುತ್ತೆ" ಅಂತೆ. ಕೆಲವದರಲ್ಲಿ ಬೆಳಕು ಸಾಕಷ್ಟು ಕಡಿಮೆ ಮಾಡಲಾಗದು, ಮುಂಜಾವದ ಮಬ್ಬಿನಲ್ಲಿ ಚುಕ್ಕೆಯೇ ಚಂದ್ರನಷ್ಟಾಗಿ ಹುಂಜವನ್ನು ಮುಚ್ಚಿಬಿಡುತ್ತದೆ. ಬ್ಯಾಟರಿ ಬದಲಿಸಲು ಇಡೀ ಗಾಜನ್ನೇ ಬಿಚ್ಚಬೇಕಾದರೆ ಮತ್ತೆ ಮೊದಲಿನಿಂದ ಗುರಿ ಕೂಡಿಸಬೇಕು. ಕೊನೆಗೆ ಲಾನಿಯೇ ಒಂದು ತೀರಾ ಅಗ್ಗದ್ದು, ಒಂದು ನಡುವಿನ ಬೆಲೆಯದು, ತನ್ನದೇ ಹಳೆಯದೊಂದು, ಮೂರನ್ನೂ ಕಾಗದದ ಚೀಲಕ್ಕೆ ಹಾಕಿ, "ಮನೆಗೆ ತಗೊಂಡೋಗಿ. ಭಾನುವಾರ ಬಂದು ಕೂಡಿಸ್ತೀನಿ. ಬೇಡದ್ದು ವಾಪಸ್ ಕೊಡಿ" ಎಂದ.

ತಾತನಿಂದ ಚೀಲ ಬಚ್ಚಿಡುವುದೆಂದರೆ ನಾಯಿಯಿಂದ ಮೂಳೆ ಬಚ್ಚಿಟ್ಟ ಹಾಗೆ. ಸಿಟ್ಟಾಗುತ್ತಾನೆ ಎಂದು ಹೆದರಿದ್ದೆ. ನೀನು ಕೊಡಿಸಿದ್ದು ಎಂದ ಕೂಡಲೇ ಬಾಯಿ ಮುಚ್ಚಿದ. ಅಷ್ಟೇ ಅಲ್ಲ ಪುಟ್ಟಿ, ಅವನ ಮುಖದಲ್ಲಿ ಒಂದು ಆಸೆ ಕಂಡೆ. ಮೂರನ್ನೂ ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟು, ಒರೆಸಿ, ಭಾನುವಾರದವರೆಗೂ ಅವುಗಳ ಸುತ್ತಲೇ ಸುಳಿದಾಡಿದ. ಹಾರ್ಲನ್ ಇಣುಕಿ ನೋಡಿ, "ಏನಯ್ಯಾ ಡಾಯ್ಲ್, ಕೋವಿ ಮೇಲೆ ಟಿವಿ ಇಟ್ಕೊಂಡು ಕಾಡಿಗೆ ಹೊರಟ್ಯಾ? ಹುಂಜಕ್ಕೆ ಯಾವ ಸೀರಿಯಲ್ಲು ತೋರಿಸ್ತೀಯ?" ಎಂದು ಚುಡಾಯಿಸಿದ. "ನಿನ್ನ ಅಂಗಿ ಬಾಲ ಕತ್ತರಿಸೋ ಸೀರಿಯಲ್ಲು ಕಣೋ" ಎಂದು ತಾತ ತಿರುಗಿಸಿ ಕೊಟ್ಟ. ಎಷ್ಟು ದಿನದ ಮೇಲೆ ಅವನ ಆ ಧಾಟಿ ಕೇಳಿದೆನೋ. ಭಾನುವಾರ ಚರ್ಚಿನಿಂದ ನೇರವಾಗಿ ಲಾನಿ ಬಂದ. ಕೈಯಲ್ಲಿ ಡ್ರಿಲ್ ಇತ್ತು, ತೂತು ಕೊರೆದು ಕೂಡಿಸಿದರೆ ಗಟ್ಟಿ ಎಂದ. ತಾತ ಕೋವಿಯನ್ನು ಎದೆಗೆ ಅವಚಿಕೊಂಡು, "ನಮ್ಮಪ್ಪನ ಕೋವಿ ಇದು. ಇದಕ್ಕೆ ಕೊರೆಯೋದಾದ್ರೆ ಮೊದಲು ನನ್ನ ತಲೆಗೆ ಕೊರಿ" ಎಂದ. ನಿನಗೆ ಗೊತ್ತಲ್ಲ, ಆ ವಾಲ್‌ನಟ್ ಮರದ ಹಿಡಿಗೆ ನನ್ನ ಉಂಗುರ ತಾಗಿದರೂ ಸಿಡುಕುವ ಮನುಷ್ಯ. ಕೊನೆಗೆ ನಳಿಗೆಯ ಮೇಲಿನ ಪಟ್ಟಿಯನ್ನು ಕಚ್ಚಿ ಹಿಡಿಯುವ ಕ್ಲಿಪ್ಪಿನಲ್ಲೇ ಕೂಡಿಸಿದರು.

ಬೇಲಿ ಕಂಬದ ಮೇಲೆ ಕಾಫಿ ಡಬ್ಬಿ ಇಟ್ಟು ಮೊದಲು ಅಗ್ಗದ್ದನ್ನು ನೋಡಿದ. "ಚುಕ್ಕೆ ಒಡೆದೋಗಿದೆ. ಜಜ್ಜಿದ ತಿಗಣೆ ಥರ ಕಾಣ್ತದೆ" ಎಂದು ಇಳಿಸಿದ. ಅಗ್ಗದ್ದು ತಾನೆ, ಹಾಗೇ ಇರಬಹುದು ಎಂದುಕೊಂಡೆವು. ನಡುವಿನದನ್ನು ಕೂಡಿಸಿದರು. "ಇದ್ರಲ್ಲಿ ಚುಕ್ಕೆ ಪಕ್ಕದಲ್ಲಿದೆ. ನೇರ ನೋಡಿದ್ರೆ ಮಾಯ ಆಗ್ತದೆ" ಎಂದ. ಲಾನಿಯ ಸ್ವಂತದ್ದು ಹಾಕಿದಾಗಲೂ ಅದೇ ಮಾತು, ಈ ಸಲ ಧ್ವನಿ ಏರಿತ್ತು. "ಯಾವ ತಿಪ್ಪೆಯಿಂದ ಆರಿಸ್ಕೊಂಡು ಬಂದ್ಯೋ ಇವನ್ನೆಲ್ಲ?" ಎಂದು ಲಾನಿಯ ಮೇಲೆ ಹರಿಹಾಯ್ದ. ನಾನು ಕೋವಿ ಇಸಿದುಕೊಂಡು ನೋಡಿದೆ. ಮೂರರಲ್ಲೂ ಚುಕ್ಕೆ ಗುಂಡಗೆ, ಚೆರ್ರಿ ಹಣ್ಣಿನ ಹಾಗೆ ಕೂತಿತ್ತು. ಲಾನಿ ಸಮಾಧಾನವಾಗಿಯೇ ಹೇಳಿದ, ಕೆಲವರ ಕಣ್ಣು ಸ್ವಲ್ಪ ಸೊಟ್ಟಗಿದ್ದರೆ ಚುಕ್ಕೆ ಚದುರಿದಂತೆ ಕಾಣುವುದುಂಟು, ತಪ್ಪು ಗಾಜಿನದೋ ಕಣ್ಣಿನದೋ ತಿಳಿಯಲು ಫೋನಿನಲ್ಲಿ ಫೋಟೋ ತೆಗೆದರಾಯಿತು, ಫೋಟೋದಲ್ಲಿ ಗುಂಡಗಿದ್ದರೆ ಗಾಜು ಸರಿಯಿದೆ ಎಂದರ್ಥ. ಗಾಜಿನ ಹಿಂದೆ ನನ್ನ ಫೋನ್ ಹಿಡಿದು ತೆಗೆದ. ಗುಂಡಗೇ ಬಂತು. ಅದನ್ನು ದೊಡ್ಡದು ಮಾಡಿ ತಾತನ ಮುಂದೆ ಹಿಡಿದ. ತಾತ ಅದನ್ನೇ ದಿಟ್ಟಿಸಿ, "ನೋಡಿದ್ಯಾ? ಫೋಟೋದಲ್ಲೂ ಒಡೆದೋಗಿದೆ" ಎಂದ.

ಲಾನಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹಂದಿತೊಡೆ ಕಟ್ಟಿಕೊಡುತ್ತೇನೆ ಎಂದು ಅವನನ್ನು ಒಳಗೆ ಕರೆದೆ. ಬಾಗಿಲಲ್ಲಿ ನಿಂತಾಗ ಜಾಲರಿಯ ನೆನಪಾಯಿತು. ಚಳಿಗಾಲದ ಶುರುವಿನಲ್ಲಿ ಒಮ್ಮೆ, ಫೆಬ್ರವರಿಯಲ್ಲಿ ಮತ್ತೊಮ್ಮೆ ತಾತ ಬಾಗಿಲಿನ ಜಾಲರಿ ಕಿತ್ತು ಹೊಸದು ಹಾಕಿದ್ದ. ಯಾರೋ ಮೊಣಕಾಲಲ್ಲಿ ಒದ್ದು ಡೊಂಕು ಮಾಡಿದ್ದಾರೆ ಎನ್ನುತ್ತಿದ್ದ, ಆಮೇಲೆ ಲಾನಿ ಡೊಂಕು ಜಾಲರಿಯನ್ನೇ ಮಾರಿದ ಎಂದ. ಲಾನಿ ಹೋದ ಮೇಲೆ ಅವನನ್ನು ಅದರ ಮುಂದೆ ನಿಲ್ಲಿಸಿ, "ಈಗ ಹೇಗಿದೆ ಡಾಯ್ಲ್?" ಎಂದು ಕೇಳಿದೆ. "ನಡುವೆ ಉಬ್ಬಿಕೊಂಡು ತಂತಿಯೆಲ್ಲ ಸೊಟ್ಟ ಆಗಿದ್ಯಲ್ಲ, ನಿಂಗೆ ಕಾಣಲ್ವಾ?" ಎಂದ. ನಾನು ಅಂಗೈಯಿಂದ ಇಡೀ ಜಾಲರಿ ಸವರಿದೆ. ನನ್ನ ಊಟದ ಮೇಜಿನಷ್ಟೇ ಸಮವಾಗಿತ್ತು. ನೆನಪುಗಳು ಒಂದರ ಹಿಂದೊಂದು ಬರತೊಡಗಿದವು. ನಿನ್ನ ಮುತ್ತಾತ, ಅಂದರೆ ಈ ಕೋವಿಯ ಮೊದಲ ಯಜಮಾನ, ಕೊನೆಗಾಲದಲ್ಲಿ ಯಾರ ಮುಖವನ್ನೂ ನೇರ ನೋಡುತ್ತಿರಲಿಲ್ಲ, ಕಿವಿಯ ಕಡೆ ನೋಡಿ ಮಾತಾಡುತ್ತಿದ್ದ. ಗರ್ವ ಎಂದುಕೊಂಡಿದ್ದೆವು. ಈ ಚಳಿಗಾಲದಿಂದ ನಿನ್ನ ತಾತ ನನ್ನ ಕಿವಿ ನೋಡಿ ಮಾತಾಡುತ್ತಿದ್ದಾನೆ. ಹೊಸ ಓಲೆ ಕೊನೆಗೂ ಕಣ್ಣಿಗೆ ಬಿತ್ತಲ್ಲ ಎಂದು ನಾನು ಖುಷಿಪಟ್ಟಿದ್ದೆ, ಎಂಥ ಪೆದ್ದಿ.

ಅವನಿಗೆ ಅಂಚು ಕಾಣುತ್ತದೆ ರೇಲಿನ್, ನಡು ಕಾಣುವುದಿಲ್ಲ. ಯಾವುದನ್ನು ನೇರವಾಗಿ ನೋಡುತ್ತಾನೋ ಅದೇ ಅಳಿಸಿಹೋಗುತ್ತದೆ. ಅವತ್ತೇ ಕೇಳಿದೆ, ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಬೂಟಿನ ದಾರ ಬಿಚ್ಚುತ್ತ, "ಬೇಟೆ ಸೀಸನ್ ಮುಗೀಲಿ ವೆಲ್ಡಾ. ಮಗು ರಜಕ್ಕೆ ಬರ್ತಾಳೆ, ಅವಳ ಜೊತೆ ಒಂದ್ಸಲ ಹೋಗಿ ಬರ್ತೀನಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ. ಅವಳಿಗೆ ಮಾತ್ರ ಬರೀಬೇಡ. ಅಲ್ಲಿ ಅವಳ ತಲೆ ನೆಟ್ಟಗಿರ್ಲಿ" ಎಂದ. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಮೂರು ದಿನ ಉಳಿಸಿಕೊಂಡೆ. ಇನ್ನು ನನ್ನಿಂದಾಗದು.

ಏಕೆಂದರೆ ಆ ಶನಿವಾರ ನೀನು ನಗುತ್ತ ಹೇಳಿದ ಇನ್ನೊಂದು ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿದೆ. "ಅಜ್ಜೀ, ಚರೆ ನನ್ನ ತಲೆ ಮೇಲಿನ ಎಲೆಗಳಲ್ಲಿ ಪಟಪಟ ಅಂತ ಉದುರ್ತು ಗೊತ್ತಾ!" ಅಂದಿದ್ದೆ. ಅವತ್ತು ನಾನು ನಿನಗೆ ಇನ್ನೊಂದು ಬಿಸ್ಕೆಟ್ ಬಡಿಸಿದೆ, ಅಷ್ಟೇ. ಈಗ ಪಾತ್ರೆ ತೊಳೆಯುವಾಗ ಕೇಳುತ್ತದೆ, ನಿನ್ನೆ ಸಂಜೆ ಚರ್ಚಿನಲ್ಲಿ ಪಿಯಾನೋ ನುಡಿಸುವಾಗಲೂ ಕೇಳಿತು. ನೀನು ಅದೇ ಕಣಿವೆಗೆ ಇಳಿಯುತ್ತೀಯ, ಅದೇ ಬದಿಗೆ ಹೋಗಿ ಎಲೆಯ ಹಾಗೆ ಕಾಣುತ್ತ ಹೇಂಟೆಯ ಹಾಗೆ ಕೂಗುತ್ತೀಯ, ಈ ಕಡೆ ನಡು ಕಾಣದ ಮುದುಕ ಕೋವಿ ಹಿಡಿದು ಕೂತಿರುತ್ತಾನೆ. ಹುಂಜದ ಎದೆಯಲ್ಲಿ ನೇತಾಡುವ ಗರಿಯ ಗಡ್ಡ ಕಾಣುವವರೆಗೂ ಕೋವಿಯ ಕುದುರೆ ಎಳೆಯಬಾರದು ಎಂದು ನಿನಗೆ ಕಲಿಸಿದವನು ಅವನೇ, ನಿಜ. ಆದರೆ ಕಂಡಿತು ಎಂದು ಅವನ ಕಣ್ಣೇ ಅವನಿಗೆ ಸುಳ್ಳು ಹೇಳಿದರೆ?

ನಾನು ಏನೇನು ಯೋಚಿಸಿದೆ ಎಂದು ಕೇಳಿದರೆ ನಗುತ್ತೀಯ. ತೋಟೆಗಳನ್ನೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟೆ, ಆಮೇಲೆ ಡಬ್ಬಿ ಒಲೆಯ ಪಕ್ಕದಲ್ಲೇ ಇದೆ ಎಂದು ಹೆದರಿ ತೆಗೆದೆ. ಟ್ರಕ್ಕಿನ ಬೀಗದ ಕೈ ನನ್ನ ಪರ್ಸಿನಲ್ಲಿದೆ, ಕಳೆದುಹೋಗಿದೆ ಎಂದು ಹೇಳಿದ್ದೇನೆ. ಸೀಸನ್ ಪೂರ್ತಿ ಮಳೆ ಹುಯ್ಯಲಿ ಎಂದು ದೇವರನ್ನು ಕೇಳಿಕೊಂಡೆ, ಅಷ್ಟರಲ್ಲಿ ಬಿಸಿಲಲ್ಲಿ ಒಣಗಬೇಕಾದ ಹಾರ್ಲನ್‌ನ ಹುಲ್ಲು ನೆನಪಾಗಿ ವಾಪಸ್ ತೆಗೆದುಕೊಂಡೆ. ಕೋವಿಯನ್ನೇ ಕಿತ್ತುಕೊಳ್ಳಬಹುದಿತ್ತು. ಆದರೆ ಪುಟ್ಟಿ, ಜನವರಿಯಿಂದ ಅವನು ಕಾಯುತ್ತಿರುವುದು ಒಂದಕ್ಕೇ. ಕ್ಯಾಲೆಂಡರಿನಲ್ಲಿ ನೀನು ಬರುವ ದಿನಕ್ಕೆ ಸುತ್ತು ಹಾಕಿದ್ದಾನೆ, ಹತ್ತಿರ ಹೋಗಿ ಕತ್ತು ಓರೆ ಮಾಡಿ ಅದನ್ನು ನೋಡುತ್ತಾನೆ. ಆ ಬೆಳಗನ್ನೂ ನಾನು ಕಿತ್ತುಕೊಂಡರೆ ಅವನು ನನ್ನನ್ನು ಕ್ಷಮಿಸಿಯಾನು, ನಾನು ನನ್ನನ್ನು ಕ್ಷಮಿಸಿಕೊಳ್ಳಲಾರೆ. ಕಿತ್ತುಕೊಳ್ಳದೆ ನಿನಗೆ ಏನಾದರೂ ಆದರೆ, ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ.

ಅದಕ್ಕೇ ನಿನ್ನ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ, ಬಂದ ಮೇಲೆ ಆಚೆ ಬದಿಗೆ ಹೋಗಬೇಡ. ಹಿಮ್ಮಡಿ ನೋಯುತ್ತದೆ ಎನ್ನು, ಕಣಿವೆ ಇಳಿಯಲಾರೆ ಎನ್ನು. ಗುಳ್ಳೆ ಮಾಗಿದ್ದರೂ ಕುಂಟು. ತಾತನ ಪಕ್ಕದಲ್ಲೇ ಅದೇ ಮರಕ್ಕೆ ಒರಗಿ ಕೂತುಕೋ, ಕುದುರೆ ಎಳೆಯುವ ಮುಂಚೆ ಹುಂಜವನ್ನು ನೀನು ನೋಡು. ಅವನಿಗೆ ಗೊತ್ತಾಗಬಾರದು. ಅವನ ಮಾನ ಉಳಿಯಬೇಕು, ನಿನ್ನ ಜೀವವೂ ಉಳಿಯಬೇಕು, ಎರಡೂ ಒಟ್ಟಿಗೆ ಹೇಗೆ ಎಂದು ನನಗೆ ತಿಳಿಯದು, ನಿನಗೆ ತಿಳಿದೀತು. ಗಾಜಿನ ವಿಷಯಕ್ಕೆ ಬಂದರೆ, ನಡುವಿನ ಬೆಲೆಯದನ್ನೇ ಇಟ್ಟುಕೊಂಡಿದ್ದೇನೆ. ಅದರ ಚುಕ್ಕೆ ಚೆನ್ನಾಗಿ ಮಂಕಾಗುತ್ತದೆ, ಬ್ಯಾಟರಿ ಮೇಲಿನಿಂದಲೇ ಬದಲಿಸಬಹುದು, ಲಾನಿ ಹತ್ತು ತೋಟೆ ಹಾರಿಸಿ ನೋಡಿದ, ಅಲ್ಲಾಡಲಿಲ್ಲ. ಯಾರಿಗಾಗಿ ಇಟ್ಟುಕೊಂಡೆ ಎಂದು ಕೇಳಬೇಡ.

ಗರಗಸದ ಸದ್ದು ನಿಂತು ಬಹಳ ಹೊತ್ತಾಯಿತು. ಪೋಸ್ಟಿನವಳು ಇನ್ನೇನು ಬರುತ್ತಾಳೆ. ಹಾರ್ಲನ್ ನಿನ್ನನ್ನು ಕೇಳಿದ. ಚರ್ಚಿನ ಹೆಂಗಸರೆಲ್ಲ ನಿನ್ನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಿದ್ದಾರೆ. ನಿನ್ನನ್ನು ಕಾಯುವವನು ಅಲ್ಲಿಯೂ ಕಾಯಲಿ, ನಿನ್ನ ಕಾಲು ಮಾಗಲಿ, ನಿನ್ನ ನಗು ಹಾಗೇ ಇರಲಿ. ಅಗಿದು ನುಂಗು.

ನಿನ್ನ ಹೆದರುಪುಕ್ಕಲು ಅಜ್ಜಿ,
ವೆಲ್ಡಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಸಹಿಸಿಕೋ. ತಾತ ಹಿತ್ತಲಿಂದ ಒಳಗೆ ಬಂದ. ಬೆರಳೆಲ್ಲ ಇವೆ. ನಾನು ಕಾಗದವನ್ನು ಪೈ ತಟ್ಟೆಯ ಕೆಳಗೆ ತಳ್ಳಿದೆ. "ಮುಚ್ಚಿಡ್ಬೇಡ ಕಣೇ. ಬೆಳಿಗ್ಗೆಯಿಂದ ನಿನ್ನ ಪೆನ್ನು ಗೀಚ್ತಿರೋದು ಶೆಡ್ಡಿಗೂ ಕೇಳ್ತಿತ್ತು" ಎಂದ. ಕೈಯಲ್ಲಿ ಕೋವಿ ಇತ್ತು, ಇನ್ನೊಂದು ಕೈಯಲ್ಲಿ ಒಂದು ಮರದ ತುಂಡು. ವಾಲ್‌ನಟ್ ಮರದ್ದು. ರೇಲಿನ್, ಅವನ ಅಪ್ಪನ ಕೋವಿಯ ಹಿಡಿಯನ್ನು ಕೊಯ್ದಿದ್ದಾನೆ. ನಿನ್ನ ಜಾಕೆಟ್ ಅವನ ಹೆಗಲ ಮೇಲಿತ್ತು, ಅದರ ತೋಳಿನ ಅಳತೆ ಹಿಡಿದು, ನಿನ್ನ ಮೊಣಕೈಯಿಂದ ಬೆರಳಿಗೆ ಎಷ್ಟೋ ಅಷ್ಟು ಉಳಿಸಿ, ನಿನ್ನ ಹೆಗಲಿಗೆ ಸರಿಯಾಗಿ ಕೂರುವಂತೆ ಕೊಯ್ದಿದ್ದಾನೆ, ಎಲ್ಲ ಸವರಿ ನೋಡಿಕೊಂಡು. ಅಂಚನ್ನು ಎಷ್ಟು ನುಣ್ಣಗೆ ಉಜ್ಜಿದ್ದಾನೆ ಎಂದರೆ ರೇಷ್ಮೆಯ ಹಾಗಿದೆ. "ಅವತ್ತು ಆ ಪ್ಲಾಸ್ಟಿಕ್ ಹೇಂಟೆ ತಲೆ ಹಾರಿದಾಗ್ಲೇ ನಂಗೆ ಗೊತ್ತಾಯ್ತು. ಅವಳು ನಗ್ತಾ ಬಂದ್ಲು. ನಾನೂ ನಕ್ಕೆ. ಗಾಜು ಹಾಕಿದ್ರೆ ಸರಿ ಹೋಗ್ಬೋದೇನೋ ಅಂತ ಒಂದು ಆಸೆ ಇತ್ತು, ಅಷ್ಟೇ" ಎಂದ. ಇಷ್ಟು ದಿನ ಅವನೂ ನನ್ನಷ್ಟೇ ಹೆದರಿದ್ದ, ಪಕ್ಕದಲ್ಲೇ ಕೂತು. ಮಂಗಳವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇವೆ, ಹಾರ್ಲನ್ ಗಾಡಿ ಓಡಿಸುತ್ತಾನೆ. ಈಗ ತಾತ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ಓಕ್ ಮರಕ್ಕೆ ಅವಳು ಬೆನ್ನು ಕೊಡ್ಲಿ, ಕೋವಿ ಅವಳದ್ದು. ಮರದ ಹಿಂದೆ ಕೂತು ಮರದ ಡಬ್ಬಿ ಉಜ್ಜಿ ಹೇಂಟೆ ಥರ ಕೂಗ್ಸೋದು ನಾನು. ಮುದುಕ ಹುಂಜ ಎಲ್ಲಿ ಬರ್ತವ್ನೆ ಅಂತ ಕಿವೀಲಿ ಕೇಳಿ ಹೇಳ್ತೀನಿ. ಗುರಿ ತಪ್ಪಿದ್ರೆ ಅಂಗಿ ಬಾಲ ನಾನೇ ಕತ್ತರಿಸ್ತೀನಿ." ಗಾಜನ್ನು ಬಿಗಿಯಾಗಿ ಕೂಡಿಸಲು ಲಾನಿಯನ್ನು ಕರೆದಿದ್ದಾನೆ, ಡ್ರಿಲ್ ತರಲು ಹೇಳಿದ್ದಾನೆ. ಅವನ ಅಪ್ಪನ ಕಣ್ಣು ಹೀಗೇ ಹೋಯಿತು, ಈಗ ಅವನದ್ದು ಹೋಗುತ್ತಿದೆ. ಅದಕ್ಕೇ ಕೊರೆಯುವ ಮುಂಚೆ ನಿನ್ನಿಂದ ಒಂದು ಸಾಲು ಬೇಕಂತೆ. ಅಲ್ಲಿ ನಿಮ್ಮ ಬಂದೂಕುಗಳ ಮೇಲೂ ಇಂಥದೇ ಗಾಜು ಇರುತ್ತದಂತಲ್ಲ. ಅದರಲ್ಲಿ ನೇರವಾಗಿ ನೋಡಿ, ನಿಜವನ್ನೇ ಬರೆ, ನಮ್ಮಿಬ್ಬರ ಸಮಾಧಾನಕ್ಕೆಂದು ಸುಳ್ಳು ಬರೆಯಬೇಡ. ಚುಕ್ಕೆ ಗುಂಡಗೆ ಕಾಣುತ್ತದೆಯೇ, ಪುಟ್ಟಿ?